ಎರಡು ಸಲ ‘ಯಾ’ ಅಂದ ಪ್ರಭಕ್ಕ

ಪ್ರಭಕ್ಕ ನಮಗೆ ನೆಂಟರಲ್ಲ. ಎದುರು ಸಾಲಿನ ಮನೆಯವರು, ಮೈಸೂರು ಕಡೆಯವರು. ಗಂಡ ನಂಜುಂಡಸ್ವಾಮಿಯವರ ಕೆಲಸದ ಜೊತೆ ನೆದರ್‌ಲ್ಯಾಂಡ್ಸ್‌ಗೆ ಬಂದು, ಕೆಲವು ವರ್ಷ ಟಿಲ್‌ಬರ್ಗ್‌ನಲ್ಲಿದ್ದು, ಆಮೇಲೆ ಆಲ್ಮೆರೆ ದಾಟಿದ ಮೇಲೆ ಸಿಗುವ ಈ ಪುಟ್ಟ ಊರಿನಲ್ಲಿ ಮನೆ ಕೊಂಡವರು. ನನ್ನ ಮಗಳು ಅಮೂಲ್ಯಾಳನ್ನೂ ಪಕ್ಕದ ಬೀದಿಯ ಚಿರಂತನನನ್ನೂ ಶಾಲೆಯಿಂದ ಕರೆತರುವುದು ಅವರೇ. ನಾನೂ ನನ್ನ ಗಂಡನೂ ಆಮ್‌ಸ್ಟರ್‌ಡ್ಯಾಮ್ ರೈಲು ಹಿಡಿಯುವವರು. ಶಾಲೆ ಬಿಟ್ಟ ಮೇಲೆ ಮಕ್ಕಳನ್ನು ನೋಡಿಕೊಳ್ಳುವ ಕೇಂದ್ರದಲ್ಲಿ ನಮ್ಮ ಸರದಿ ಇನ್ನೂ ಬಂದಿಲ್ಲ. ಪ್ರಭಕ್ಕ ಇಲ್ಲದಿದ್ದರೆ ನಮ್ಮಲ್ಲೊಬ್ಬರು ಮನೆಯಲ್ಲಿ ಕೂರಬೇಕು. ಆ ಒಬ್ಬರು ಯಾರೆಂದು ಬಿಡಿಸಿ ಹೇಳಬೇಕಿಲ್ಲ.

ಚೂಡಿದಾರದ ಮೇಲೆ ಗಂಡನ ಹಳೇ ಜಾಕೆಟ್ ಹಾಕಿಕೊಂಡು, ಜೇಬಿನಲ್ಲಿ ಸುತ್ತಿದ ಚಪಾತಿ ಇಟ್ಟುಕೊಂಡು ಅವರು ಶಾಲೆಯ ಗೇಟಿನ ಹತ್ತಿರ ನಿಂತಿರುತ್ತಾರೆ. ಅಮೂಲ್ಯಾ ಡಚ್‌ನಲ್ಲಿ ದೂರು ಹೇಳುತ್ತಾಳೆ, ಪ್ರಭಕ್ಕ ಕನ್ನಡದಲ್ಲಿ ತೀರ್ಪು ಕೊಡುತ್ತಾರೆ. ಇಬ್ಬರಿಗೂ ಎಲ್ಲ ಅರ್ಥವಾಗುತ್ತದೆ.

ತೊಂದರೆ ಇರುವುದು ದಾರಿಯಲ್ಲಿ. ಶಾಲೆಗೂ ನಮ್ಮ ಮನೆಗಳಿಗೂ ನಡುವೆ ರೈಲು ಹಳಿ, ಅದರ ಕೆಳಗೊಂದು ಸುರಂಗ. ದಪ್ಪ ಚಕ್ರದ ಬ್ಯಾಟರಿ ಸೈಕಲ್‌ಗಳಲ್ಲಿ ಹುಡುಗರು ಅದರೊಳಗೆ ಬಾಣದ ಹಾಗೆ ನುಗ್ಗುತ್ತಾರೆ, ಗೋಡೆಗೆ ಪಟಾಕಿ ಎಸೆಯುತ್ತಾರೆ. ಹೋದ ಶರತ್ಕಾಲದಲ್ಲಿ ಒಬ್ಬ ಪ್ರಭಕ್ಕನ ಮೊಣಕೈಗೆ ತಗುಲಿಸಿಕೊಂಡೇ ಹೋದ. ಅವರು ಬಿದ್ದರು, ಬೀಳುವಾಗ ಚಿರಂತನನನ್ನು ಗೋಡೆ ಕಡೆ ತಳ್ಳಿದ್ದರಿಂದ ಮಗು ಉಳಿಯಿತು. ಪೊಲೀಸರಿಗೆ ಹೇಳಿದೆವು. ಬಂದಾತ ಒಳ್ಳೆಯವನೇ, ಆದರೆ ಅವನೊಬ್ಬನಿಗೆ ಎಷ್ಟೋ ಬಡಾವಣೆ.

ಚಳಿಗಾಲ ಮುಗಿಯುವ ಹೊತ್ತಿಗೆ ಹೆಮೆಂಟೆಯವರು, ಅಂದರೆ ನಮ್ಮ ಊರಿನ ಪುರಸಭೆಯವರು, ಒಂದು ಯೋಚನೆ ಮುಂದಿಟ್ಟರು. ಪೊಲೀಸರನ್ನು ನೇಮಿಸುವುದು ದೇಶದ ಸರ್ಕಾರ, ಊರಿನ ಕೈಯಲ್ಲಿಲ್ಲ. ಆದರೆ ಮನೆ ತೆರಿಗೆ ಸ್ವಲ್ಪ ಏರಿಸಿದರೆ ದಂಡ ಹಾಕುವ ಅಧಿಕಾರವಿರುವ ಗಸ್ತಿನವರನ್ನು ಶಾಲೆ ಬಿಡುವ ಹೊತ್ತಿಗೆ ಸುರಂಗದಲ್ಲಿ ನಿಲ್ಲಿಸಬಹುದು. ಜನ ಏನನ್ನುತ್ತಾರೆ, ಬಂದು ಹೇಳಿ ಎಂದು ಸಭೆ ಕರೆದರು.

ಪ್ರಭಕ್ಕ ಆ ಗಸ್ತಿನವರಿಗೆ ‘ಅರ್ಧ ಪೊಲೀಸ್’ ಎಂದು ಹೆಸರಿಟ್ಟರು. ಅರ್ಧವಾದರೂ ಸಾಕು ಎಂದರು. ನಂಜುಂಡಸ್ವಾಮಿಯವರು ಮಾತ್ರ ಒಂದು ವಾರ ಮುಖ ಊದಿಸಿಕೊಂಡಿದ್ದರು. ಕಟ್ಟುವ ತೆರಿಗೆ ಸಾಲದೇ, ಪೊಲೀಸ್ ಇಡುವುದು ಹೇಗ್‌ನಲ್ಲಿ ಕೂತ ಸರ್ಕಾರದವರ ಕೆಲಸ ಎಂಬುದು ಅವರ ವಾದ. ಹಾಗಾದರೆ ಹೇಗ್‌ನವರೇ ಬಂದು ಮಕ್ಕಳನ್ನು ಕರೆದುಕೊಂಡು ಬರಲಿ ಎಂದು ಪ್ರಭಕ್ಕ ಅವರ ಬಾಯಿ ಮುಚ್ಚಿಸಿದರು. ನಾವು ಬಾಡಿಗೆಯವರು, ಈ ತೆರಿಗೆ ನಮಗೆ ಬೀಳುವುದಿಲ್ಲ. ಮನೆ ಒಡತಿಯಾಗಿ ಅವರ ಮಾತಿಗೆ ತೂಕವಿತ್ತು.

ಸಭೆ ಬಡಾವಣೆಯ ಸಮುದಾಯ ಭವನದಲ್ಲಿ. ಕಾಫಿಯ ಜೊತೆ ತಲೆಗೊಂದು ಬಿಸ್ಕತ್ತು. ಮುಂದಿನ ಸಾಲಿನ ಬಿಳಿಗಡ್ಡದ ಒಬ್ಬರು ಎದ್ದು, ಪ್ರತಿ ವರ್ಷ ಏನೋ ಒಂದು ನೆಪ ಹೇಳಿ ತೆರಿಗೆ ಏರಿಸುತ್ತೀರಿ, ಗಸ್ತಿನವರು ಬಂದರೂ ನಾಯಿಯ ಹೊಲಸಿಗೆ ದಂಡ ಹಾಕಿಕೊಂಡು ತಿರುಗುತ್ತಾರೆ ಎಂದರು. ಚಪ್ಪಾಳೆ ಬಿತ್ತು. ಆಮೇಲೆ ಸಭೆ ನಡೆಸುತ್ತಿದ್ದಾಕೆ ಮೈಕ್ ಹಿಡಿದು ಪ್ರಭಕ್ಕನ ಹತ್ತಿರ ಬಂದಳು. ನೀವು ದಿನಾ ಮಕ್ಕಳೊಂದಿಗೆ ಆ ಸುರಂಗ ದಾಟುವವರಂತೆ, ಗಸ್ತಿನವರು ಬಂದರೆ ಸರಿಹೋಗುತ್ತದೆ ಅಂತ ನಿಮಗೆ ನಂಬಿಕೆ ಇದೆಯೇ, ಅದಕ್ಕಾಗಿ ಹೆಚ್ಚು ತೆರಿಗೆ ಕಟ್ಟುತ್ತೀರಾ ಎಂದು ಡಚ್‌ನಲ್ಲಿ ಕೇಳಿದಳು.

ನಮ್ಮಲ್ಲಿ ದೊಡ್ಡವರಿಗಾಗಲಿ ಅಧಿಕಾರಿಗಳಿಗಾಗಲಿ ಒಂದೇ ಸಲ ‘ಹೂಂ’ ಅಂದರೆ ಅದು ಮುಖಕ್ಕೆ ಹೊಡೆದ ಹಾಗೆ. ‘ಹೂಂ ಹೂಂ’ ಅನ್ನಬೇಕು, ‘ಹೌದೌದು’ ಅನ್ನಬೇಕು. ಪ್ರಭಕ್ಕ ಎದ್ದು ನಿಂತು, ತಲೆಯನ್ನು ಆ ಭುಜಕ್ಕೂ ಈ ಭುಜಕ್ಕೂ ತೂಗಿ, ಮನಸ್ಸು ತುಂಬಿ ಎಳೆದು ಹೇಳಿದರು: “ಯಾ... ಯಾ.”

ಸಭೆಯೆಲ್ಲ ನಕ್ಕಿತು.

ಡಚ್‌ನಲ್ಲಿ ಒಂದು ‘ಯಾ’ ಅಂದರೆ ಹೌದು. ಹೀಗೆ ಎಳೆದು ಎರಡು ಸಲ ಅಂದರೆ, ‘ಆಹಾ, ನಂಬಿದೆ ಬಿಡಪ್ಪ’ ಎಂದರ್ಥ. ಬಿಳಿಗಡ್ಡದವರು ತಿರುಗಿ, ದಿನಾ ಓಡಾಡುವ ಆ ತಾಯಿಗೇ ನಂಬಿಕೆ ಇಲ್ಲ, ನೋಡಿ ಎಂದರು. ನಾನು ತಟ್ಟನೆ ಎದ್ದೆ. ಅವರ ಅರ್ಥ ಅದಲ್ಲ, ಅವರು ಒಪ್ಪಿದ್ದಾರೆ ಎಂದು ಕೂಗಿಯೇ ಹೇಳಿದೆ. ಮೈಕ್ ಆಗಲೇ ಮೂರು ಸಾಲು ಆಚೆ ಹೋಗಿತ್ತು. ಕೈ ಎತ್ತಿ ಸರದಿಗೆ ಕಾಯಿರಿ ಎಂದಳು ಆಕೆ. ಕೈ ಎತ್ತಿಕೊಂಡೇ ಕೂತೆ. ಸಭೆ ಮುಗಿಯಿತು. ಬಾಗಿಲ ಹತ್ತಿರ ಆಕೆಯನ್ನು ಹಿಡಿದು ಬಿಡಿಸಿ ಹೇಳಿದೆ. ನಗುನಗುತ್ತಾ ನನ್ನ ಕೈ ಕುಲುಕಿ, ಎಲ್ಲವನ್ನೂ ಗಮನಕ್ಕೆ ತೆಗೆದುಕೊಂಡಿದ್ದೇವೆ ಎಂದಳು.

ಪ್ರಭಕ್ಕ ಮಾತ್ರ ಹಿಗ್ಗಿದ್ದರು. ಎಲ್ಲರೂ ಎಷ್ಟು ಖುಷಿಯಾಗಿ ನಕ್ಕರು, ಕೆಲಸ ಆದ ಹಾಗೇ ಎನ್ನುತ್ತಾ ನಡೆಯುತ್ತಿದ್ದರು. ಹೇಳದೆ ಬಿಡಲು ಮನಸ್ಸಾಗಲಿಲ್ಲ. ಬೇರೆ ಯಾರದೋ ಬಾಯಿಂದ ಕೇಳುವುದಕ್ಕಿಂತ ನನ್ನಿಂದಲೇ ತಿಳಿಯಲಿ ಎಂದು ಮೆಲ್ಲಗೆ ಹೇಳಿದೆ. ಅವರು ಸೈಕಲ್ ದಾರಿಯ ಪಕ್ಕದಲ್ಲೇ ನಿಂತುಬಿಟ್ಟರು.

“ಎರಡು ಸಲ ಹೂಂ ಅಂದ್ರೆ ಇವ್ರಿಗೆ ಇಲ್ಲ ಅಂತನೇನೇ?”

“ಒಂಥರಾ ಹಾಗೇನೇ, ಪ್ರಭಕ್ಕ.”

“ಮತ್ತೆ ಇಷ್ಟು ವರ್ಷ ಡಾಕ್ಟ್ರ ಹತ್ರ, ಸ್ಕೂಲ್ ಟೀಚರ್ ಹತ್ರ, ಎಲ್ಲಾ ಕಡೆ ಹಾಗೇ ಅಂದಿದ್ದೀನಲ್ಲೇ. ಎಲ್ರೂ ನನ್ನ ಕೊಂಕು ಬಾಯಿಯೋಳು ಅಂದ್ಕೊಂಡಿದ್ದಾರಾ?”

ನಗು ಬಂತು, ನಗಲಾಗಲಿಲ್ಲ.

ಮರುದಿನ ಕಚೇರಿಯಿಂದಲೇ ಹೆಮೆಂಟೆಗೆ ಫೋನ್ ಮಾಡಿದೆ. ನೀವು ಮನೆ ಒಡೆಯರೇ ಎಂದು ಕೇಳಿದರು. ಅಲ್ಲ ಅಂದೆ. ಹಾಗಾದರೆ ಸಂಬಂಧಪಟ್ಟವರೇ ಮಾತಾಡಲಿ ಎಂದರು. ಪ್ರಭಕ್ಕ ಮಾತಾಡಿದಾಗ, ಸಭೆಯಲ್ಲಿ ನಿಮ್ಮ ಅಭಿಪ್ರಾಯ ಹೇಳಿ ಆಗಿದೆಯಲ್ಲ ಎಂದರು. ಜನರನ್ನು ಕೇಳುತ್ತೇವೆ ಎನ್ನುತ್ತಾರೆ. ಕೇಳಿಸಿಕೊಂಡದ್ದು ತಪ್ಪಾಗಿದೆ ಎಂದರೆ ಅದನ್ನು ಕೇಳುವವರಿಲ್ಲ.

ಮೇ ತಿಂಗಳಲ್ಲಿ ತೀರ್ಮಾನ ಬಂತು. ಊರಿನವರ ಬೆಂಬಲ ಸಾಲದು, ಗಸ್ತಿನ ವಿಷಯ ಮುಂದಿನ ವರ್ಷ ನೋಡೋಣ. ಪ್ರಭಕ್ಕನ ಒಂದು ಮಾತಿನಿಂದಲೇ ಹೀಗಾಯಿತು ಎನ್ನಲಾರೆ. ಬಿಳಿಗಡ್ಡದವರಂಥವರು ಬೇಕಾದಷ್ಟಿದ್ದರು. ಆದರೂ ಆ ಸುರಂಗದಲ್ಲಿ ಬಿದ್ದವರು ಸಭೆಯಲ್ಲಿ ಇವರೊಬ್ಬರೇ. ಇವರನ್ನೂ ಬೇಡ ಅಂದವರ ಕಡೆಗೇ ಸೇರಿಸಿಕೊಂಡರು.

ಅದೇ ವಾರ ಸುರಂಗದಲ್ಲಿ ಮತ್ತೊಂದು ಪಟಾಕಿ ಸಿಡಿಯಿತು. ಅಮೂಲ್ಯಾ ಕಿವಿ ಮುಚ್ಚಿಕೊಂಡು ನೆಲದ ಮೇಲೆ ಕೂತುಬಿಟ್ಟಳಂತೆ. ಸಂಜೆ ಪ್ರಭಕ್ಕ ನಮ್ಮ ಮನೆಗೆ ಬಂದರು. ಚಹಾ ಕೊಟ್ಟರೆ ಕುಡಿಯಲಿಲ್ಲ.

“ನನ್ನ ಮಕ್ಕಳಾಗಿದ್ರೆ ಹೇಗೋ ಕರ್ಕೊಂಡ್ ಬರ್ತಿದ್ದೆ ಕಣೇ. ಇವು ಹೆರವರ ಮಕ್ಕಳು. ಏನಾದ್ರೂ ಆದ್ರೆ ನಿನ್ನ ಮುಖ ಹೇಗ್ ನೋಡ್ಲಿ? ಸೋಮವಾರದಿಂದ ನನ್ ಕೈಲಿ ಆಗಲ್ಲ.”

ಹೆರವರ ಮಕ್ಕಳು ಅನ್ನಬೇಡಿ ಎಂದೆ. ಬಲವಂತ ಮಾಡಲು ನನಗೆ ಬಾಯಿ ಬರಲಿಲ್ಲ. ಅವರ ಮೊಣಕೈ ಇನ್ನೂ ಪೂರ್ತಿ ಮಡಚುವುದಿಲ್ಲ.

ಇವತ್ತು ಸೋಮವಾರ. ವಾರಕ್ಕೆರಡು ದಿನ ಕೆಲಸ ಕಡಿಮೆ ಮಾಡಿಕೊಂಡಿದ್ದೇನೆ, ಉಳಿದ ದಿನ ಏನೆಂದು ನಾನೂ ಗಂಡನೂ ಇನ್ನೂ ಜಗಳವಾಡುತ್ತಿದ್ದೇವೆ. ಶಾಲೆಯ ಗೇಟಿನಲ್ಲಿ ನನ್ನನ್ನು ಕಂಡು ಅಮೂಲ್ಯಾಳ ಮುಖ ಅರಳಲಿಲ್ಲ. ಪ್ರಭಾ ಆಂಟಿ ಎಲ್ಲಿ ಎಂದು ನನ್ನ ಹಿಂದೆ ಇಣುಕಿದಳು. ಚಿರಂತನನನ್ನು ಅವನಪ್ಪ ಆಗಲೇ ಕರೆದುಕೊಂಡು ಹೋಗಿದ್ದರು. ಸುರಂಗ ಬಿಟ್ಟು ದೂರದ ಸೇತುವೆ ಹತ್ತಿ ಬಂದೆವು. ಎದುರುಗಾಳಿ. ಸೇತುವೆಯ ಮೇಲೆ ಅವಳು ಕಾಲು ನೋವೆಂದು ನಿಂತಳು, ಎತ್ತಿಕೊಂಡೆ. ಅವಳ ಶಾಲೆಯ ಚೀಲ ನನ್ನ ಮೊಣಕಾಲಿಗೆ ಬಡಿಯುತ್ತಿತ್ತು.