ಕರಗಿದ ಬಸವಣ್ಣ

ಸಮೇತನಹಳ್ಳಿಯ ನಮ್ಮ ದೊಡ್ಡಮ್ಮ ಮುನಿವೆಂಕಟಮ್ಮ ಕರಿಕಲ್ಲು ಕಂಡಲ್ಲೆಲ್ಲ ಕೈ ಮುಗಿಯುವವಳು. ಅವಳ ಎಲೆಅಡಿಕೆ ಚೀಲದಲ್ಲಿ ಸುಣ್ಣ ಇಲ್ಲದ ದಿನವುಂಟು, ಕರ್ಪೂರ ಇಲ್ಲದ ದಿನವಿಲ್ಲ. ಮೈಲಿಗಲ್ಲನ್ನೂ ಬಿಡುವುದಿಲ್ಲವಲ್ಲ ಎಂದು ನಾನು ರೇಗಿಸುತ್ತಿದ್ದೆ.

ಎಪ್ಪತ್ತೆರಡನೇ ಇಸವಿಯ ಡಿಸೆಂಬರಿನಲ್ಲಿ ಮಾತ್ರ ಅವಳನ್ನು ರೇಗಿಸುವ ಧೈರ್ಯ ಯಾರಿಗೂ ಇರಲಿಲ್ಲ. ಅವಳ ಹಸು ಗೌರಿ ಹಿಂದಿನ ಎರಡು ಸಲವೂ ಸತ್ತ ಕರು ಹಾಕಿತ್ತು. ಈಗ ಮತ್ತೆ ದಿನ ತುಂಬಿತ್ತು. ಈ ಸಲವೂ ಹಾಗೇ ಆದರೆ ಗೌರಿಯನ್ನು ಸಂತೆಗೆ ಹೊಡೆಯುತ್ತೇನೆಂದು ದೊಡ್ಡಪ್ಪ ಹಟ ಹಿಡಿದಿದ್ದ. ದೊಡ್ಡಮ್ಮನಿಗೆ ಊಟವೇ ಸೇರುತ್ತಿರಲಿಲ್ಲ.

ಅವಳ ಎಮ್ಮೆ ಹಾಲು ಬೆಂಗಳೂರಿನ ಒಂದು ಬೇಕರಿಗೆ ಹೋಗುತ್ತಿತ್ತು. ಯಜಮಾನ ಲಕ್ಷ್ಮಣಪ್ಪನವರು ಕ್ರಿಸ್‌ಮಸ್ಸಿಗೆಂದು ಚಾಕೊಲೇಟಿನ ಬೊಂಬೆಗಳನ್ನು ಮಾಡಿಸಿ ಪಕ್ಕದ ಹಜಾರದಲ್ಲಿ ಇಟ್ಟಿದ್ದರು. ಒಂದು ದಿನ ಹಾಲು ಹಾಕಲು ಹೋದ ನಮ್ಮನ್ನು, ನೋಡಿಕೊಂಡು ಹೋಗಿ ಎಂದು ಕರೆದರು. ಆನೆ, ನವಿಲು, ಗೋಪುರ, ಎಲ್ಲ ಕರ್ರಗೆ ಮಿಂಚುತ್ತಿದ್ದವು. ಅವು ತಿನ್ನುವ ವಸ್ತು ಎಂದು ಅವರು ನನಗೆ ಹೇಳುವಷ್ಟರಲ್ಲಿ ದೊಡ್ಡಮ್ಮ ಮುಂದೆ ಹೋಗಿಯಾಗಿತ್ತು.

ಕೊನೆಯಲ್ಲಿ ಬಸವಣ್ಣ ಮಲಗಿದ್ದ. ದೊಡ್ಡಮ್ಮ ಅವನ ಹಣೆಗೆ ಕುಂಕುಮ ಇಟ್ಟಳು, ವೀಳ್ಯದೆಲೆಯ ಮೇಲೆ ಕರ್ಪೂರ ಹಚ್ಚಿ ಮೂಗಿನ ಕೆಳಗೇ ಇಟ್ಟು ಕಣ್ಣು ಮುಚ್ಚಿದಳು.

"ನನ್ ಗೌರಿ ಕರ ಉಳ್ಸಿಕೊಡಪ್ಪಾ. ಮೊದಲ್ನೇ ಗಿಣ್ಣು ನಿಂಗೇ ತತ್ತೀನಿ."

ಕಣ್ಣು ಬಿಟ್ಟರೆ ಬಸವಣ್ಣನ ಮೂಗು ತೊಟ್ಟಿಕ್ಕುತ್ತಿತ್ತು!

"ಅಯ್ಯಯ್ಯೋ! ದೇವ್ರೇ ಕರಗೋದ್ನಲ್ಲೇ! ನನ್ ಕರ ಹೋಯ್ತು!"

ಓಡಿಬಂದ ಲಕ್ಷ್ಮಣಪ್ಪನವರು ಬೆಂಕಿ ಆರಿಸಿದರು. ಸಿಟ್ಟಾಗಲಿಲ್ಲ, ನಕ್ಕರು. ಸಮಾಧಾನ ಮಾಡಲೆಂದು ಬಸವಣ್ಣನ ಕಿವಿಯನ್ನೇ ಲಟಕ್ಕನೆ ಮುರಿದು ಅವಳ ಕೈಗಿಟ್ಟರು. "ಚಾಕೊಲೇಟ್ ಕಣಮ್ಮ ಇದು, ತಿನ್ನು."

"ದೇವ್ರ ಕಿವಿ ಮುರ್ದು ತಿನ್ನು ಅಂತೀರಲ್ಲ ಸ್ವಾಮಿ!"

ದೊಡ್ಡಮ್ಮ ಅದನ್ನು ತಿನ್ನಲೂ ಆರದೆ ಬಿಸಾಡಲೂ ಆರದೆ ಸೆರಗಿನಲ್ಲಿ ಕಟ್ಟಿ ಮುಷ್ಟಿಯಲ್ಲಿ ಹಿಡಿದಳು. ಹೊಸಕೋಟೆಯ ಬಸ್ಸಿನಲ್ಲಿ ಉದ್ದಕ್ಕೂ ಆ ಮುಷ್ಟಿ ಬಿಡಲಿಲ್ಲ. ಅದು ಬರೀ ತಿಂಡಿ ಎಂದು ನಾನು ಹೇಳಿದರೆ, "ಬಾಯ್ಮುಚ್ಚೇ" ಎಂದಳು.

ಊರು ತಲುಪಿ ಕೊಟ್ಟಿಗೆಗೆ ಓಡಿದೆವು. ಗೌರಿ ಆಗಲೇ ಈದಿತ್ತು. ಹುಲ್ಲಿನ ಮೇಲೆ ಕರು ಅಲುಗದೆ ಬಿದ್ದಿತ್ತು. ಪಕ್ಕದಲ್ಲಿ ದೊಡ್ಡಪ್ಪ ತಲೆ ತಗ್ಗಿಸಿ ನಿಂತಿದ್ದ. ದೊಡ್ಡಮ್ಮ ಅಲ್ಲೇ ಕುಸಿದು ಕರುವಿನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಗೋಳಾಡಿದಳು. ಸೆರಗಿನ ಗಂಟಿನಲ್ಲಿದ್ದ ಕಿವಿ ಅಷ್ಟರಲ್ಲಿ ಕರಗಿ ಬೆರಳ ಸಂದಿನಲ್ಲಿ ಇಳಿಯುತ್ತಿತ್ತು.

ಅವಳ ಅಳು ಥಟ್ಟನೆ ನಿಂತಿತು. ಬೆರಳಿಗೆ ಏನೋ ಒರಟಾಗಿ ತಾಗಿತ್ತು. ಕರುವಿನ ನಾಲಿಗೆ.

"ಅಯ್ಯೋ ಶಿವನೇ, ದೇವ್ರ ಕಿವೀನೇ ನೆಕ್ತಾ ಐತಲ್ಲೇ!" ಎಂದು ಒಂದು ಕೈಯಲ್ಲಿ ಗಲ್ಲ ಬಡಿದುಕೊಂಡಳು. ಇನ್ನೊಂದು ಕೈಯನ್ನು ಕರುವಿನ ಬಾಯಿಂದ ತೆಗೆಯಲಿಲ್ಲ.