ಬೋರಿಂಗಿಗೆ ಬಳಿದ ಹಸಿರು ಬಣ್ಣ

ವೈನಿ, ನಿಮ್ಮ ಮಗ ಬಸುವಿನ ಹಲ್ಲು ಕಂದುಗಟ್ಟಿದ್ದು ನನ್ನಿಂದ. ನೀವು ಸರಿಯಾಗಿ ಉಜ್ಜಿಸಲಿಲ್ಲವೆಂದಲ್ಲ, ಬಸುರಿಯಾಗಿದ್ದಾಗ ಮಣ್ಣು ತಿಂದಿರೆಂದೂ ಅಲ್ಲ — ಓಣಿಯವರು ಏನೆಲ್ಲ ಅಂದರು! ನಾನು ಎಲ್ಲ ಕೇಳಿಸಿಕೊಂಡು ಸುಮ್ಮನೆ ಕೂತೆ.

ನಮ್ಮ ಮನೆ ಮುಂದಿನ ಕೈಪಂಪಿನ ಬೋರಿಂಗಿಗೆ ಮೊದಲು ಕೆಂಪು ಬಣ್ಣವಿತ್ತು. ನೀರಿನಲ್ಲಿ ಫ್ಲೋರೈಡ್ ಹೆಚ್ಚಿದೆ, ಬಟ್ಟೆ ಒಗೆಯಿರಿ, ಕುಡಿಯಬೇಡಿ ಎಂದು ಪರೀಕ್ಷೆ ಮಾಡಿದವರು ಬಳಿದು ಹೋಗಿದ್ದರು. ಕುಡಿಯಲು ಊರಾಚೆಯ ಬಾವಿಯಿಂದ ತರುತ್ತಿದ್ದೆವು. ಆಳಂದ ಕಡೆಯ ನಮ್ಮೂರಿಗೆ ಹೆಣ್ಣು ಕೊಡುವವರು ಮನೆ ನೋಡಲು ಬಂದರೆ, ಆ ಕೆಂಪು ಕಂಡು, ತಿಳಿಸುತ್ತೇವೆ ಎಂದು ಎದ್ದುಬಿಡುತ್ತಿದ್ದರು. ಅಣ್ಣನ ಮದುವೆ ಮುಂದೆ ಹೋಗುತ್ತಲೇ ಇತ್ತು. ಗೊಬ್ಬೂರಿನಿಂದ ನಿಮ್ಮ ತಂದೆ ಮನೆ ನೋಡಲು ಬರುವ ಮುಂಚೆ, ಕಾರಹುಣ್ಣಿಮೆಗೆ ಎತ್ತಿನ ಕೊಂಬಿಗೆ ಹಚ್ಚಿ ಉಳಿದಿದ್ದ ಹಸಿರು ಬಣ್ಣವನ್ನು ನಾನೇ ಬೋರಿಂಗಿಗೆ ಬಳಿದೆ; ಹಸಿರು ಅಂದರೆ ಕುಡಿಯಬಹುದು ಎಂದು ಗುರುತು. ಮತ್ತೆ ಪರೀಕ್ಷೆ ಮಾಡಿದರು, ನೀರು ಸರಿಯಾಗಿದೆಯಂತೆ ಎಂದು ಅಣ್ಣನಿಗೂ ಸುಳ್ಳು ಹೇಳಿದೆ. ಮದುವೆಯಾದ ಮೇಲೆ ಕೆಂಪು ಹಚ್ಚಿದರಾಯಿತು ಅಂದುಕೊಂಡಿದ್ದೆ — ಅಂದುಕೊಂಡದ್ದಷ್ಟೇ.

ಬೇಸಿಗೆಯಲ್ಲಿ ಬಾವಿಯ ತಳ ಕಂಡಾಗ ನೀವು ಕೇಳಿದಿರಿ.

"ಈ ಬೋರಿಂಗಿನ ನೀರು ಕುಡೀಲಾಕ ನಡೀತಾವೇನ್ರಿ?"

"ಹಸಿರು ಬಣ್ಣ ಬಡ್ದಾರ ನೋಡ್ರಿ ವೈನಿ. ಕುಡೀರಿ, ಏನೂ ಆಗಂಗಿಲ್ಲ."

ಹೇಳಿ, ನಿಮ್ಮೆದುರೇ ಒಂದು ತಂಬಿಗೆ ಗಟಗಟ ಕುಡಿದೂ ತೋರಿಸಿದೆ. ದೊಡ್ಡ ಶೂರ ನಾನು!

ಬಸು ಹುಟ್ಟಿದ ಮೇಲೆ ನೀವು ಆ ನೀರನ್ನೇ ಕುದಿಸಿ, ಆರಿಸಿ, ಅವನಿಗೆ ಕುಡಿಸಿದಿರಿ. ಮೊನ್ನೆ ಶಾಲೆಗೆ ಮಕ್ಕಳ ಹಲ್ಲು ನೋಡಲು ಬಂದಿದ್ದ ಡಾಕ್ಟರು ಹೇಳಿದ್ದನ್ನು ನಾನೂ ಕೇಳಿದೆ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲವಂತೆ. ನೀರು ಆವಿಯಾಗಿ, ಉಳಿದದ್ದರಲ್ಲಿ ಅದು ಇನ್ನೂ ಹೆಚ್ಚಾಗುತ್ತದಂತೆ. ಹಾಲುಹಲ್ಲಿನ ಕೆಳಗೆ, ವಸಡಿನೊಳಗೆ ದೊಡ್ಡ ಹಲ್ಲು ಬೆಳೆಯುವಾಗಲೇ ಸೇರಿಕೊಂಡು ಅದರ ಹೊಳಪಿನ ಪದರವನ್ನು ಕೆಡಿಸುತ್ತದೆ. ಹಲ್ಲು ಬಲಿತ ನನ್ನಂಥವನಿಗೆ ಕಲೆ ಬೀಳುವುದಿಲ್ಲ, ಎಲುಬಿನಲ್ಲಿ ಮಾತ್ರ ಸದ್ದಿಲ್ಲದೆ ಕೂಡುತ್ತದೆ. ಅಣ್ಣನ ಮೊಣಕಾಲು ನೋವೂ ಅದರಿಂದಲೋ ಏನೋ — ಗೊತ್ತಿಲ್ಲ.

ಬಸು ನಗುವಾಗ ಬಾಯಿಗೆ ಅಂಗೈ ಅಡ್ಡ ಹಿಡಿಯುತ್ತಾನೆ. ನೀವು ಇದ್ದಿಲಿನಿಂದ ತಿಕ್ಕಿ ಅವನ ವಸಡಿನಿಂದ ರಕ್ತ ಬಂದ ದಿನವೂ ನಾನು ಬಾಯಿ ಬಿಡಲಿಲ್ಲ. ಅದಕ್ಕಿಂತ ನಾಚಿಕೆಗೇಡು ಬೇರೆ ಇಲ್ಲ.

ಇನ್ನು ಸಾಕು. ಸಂಜೆ ಬಂದ ಮೇಲೆ ಅಣ್ಣನಿಗೂ ಬಸುವಿನೆದುರೇ ಹೇಳುತ್ತೇನೆ. ಓಣಿಯ ಮನೆಮನೆಗೂ ಹೋಗಿ, ಬಣ್ಣ ಬದಲಿಸಿದವನು ನಾನು, ಆ ನೀರು ಕುಡಿಯಬೇಡಿ ಎನ್ನುತ್ತೇನೆ. ನಮ್ಮ ಮನೆಗೆ ಕುಡಿಯುವ ನೀರನ್ನು ಎಷ್ಟು ದೂರದಿಂದಾದರೂ ನಾನೇ ಹೊತ್ತು ತರುತ್ತೇನೆ. ಕ್ಷಮಿಸಿ ಎಂದು ಕೇಳುವುದಿಲ್ಲ. ಕೇಳಿದರೆ ಬಸುವಿನ ಹಲ್ಲು ಬೆಳ್ಳಗಾಗುವುದಿಲ್ಲ.

ಆದರೆ ಅವನ ತಂಗಿ ಚಿನ್ನಿಗೆ ಇನ್ನೂ ಹಾಲುಹಲ್ಲು. ಈ ಬೆಳಿಗ್ಗೆ ಅವಳ ಕೈಯಿಂದ ನೀರಿನ ಲೋಟ ಕಸಿದು ಚೆಲ್ಲಿಬಿಟ್ಟೆ, ಅವಳು ಅತ್ತಳು. ಕೂಸಿನ ಕೈಯಿಂದ ಯಾಕೆ ಕಸಿದಿರಿ ಎಂದು ನೀವು ಕೇಳಿದಿರಿ. ನಾನು ಉತ್ತರ ಕೊಡದೆ ಹೊರಗೆ ಬಂದೆ. ಇದೇ ಆ ಉತ್ತರ, ವೈನಿ.