ಅಕ್ಕ ಅಂದು ಮಂಡಿಯೂರಿದ್ದೇಕೆ

ಪ್ರಖ್ಯಾತ ಕ್ರೈಸ್ತ ಬೋಧಕರೊಬ್ಬರು ಕಳೆದ ವರ್ಷ ತೀರಿಕೊಂಡರು. ಊರೂರುಗಳಲ್ಲಿ ಸಾವಿರಾರು ಜನರನ್ನು ಸೇರಿಸಿದ್ದ ಅವರು ನಮ್ಮ ಹರೆಯದ ಕಾಲದಲ್ಲೊಮ್ಮೆ ತರೀಕೆರೆಯ ಬಯಲಿನಲ್ಲೂ ಮಾತನಾಡಿದ್ದರು. ಅವರ ನೆನಪಿನ ಪುಸ್ತಕಕ್ಕೆಂದು ಕಡೂರಿನ ಪಾದ್ರಿಯೊಬ್ಬರು ಹಳೆಯ ಫೋಟೊ ಹಿಡಿದು ಅಜ್ಜಂಪುರದ ನಮ್ಮ ಮನೆಗೆ ಬಂದರು. ಅದರಲ್ಲಿ ನನ್ನ ಅಕ್ಕ ಮಂಡಿಯೂರಿ ಅಳುತ್ತಿದ್ದಾಳೆ. ಬೋಧಕರು ಅವಳೆದುರು ಬಾಗಿದ್ದಾರೆ. ‘ಶೈವ ಮನೆತನದ ಯುವತಿ ಯೇಸುವಿಗೆ ಶರಣಾದ ಗಳಿಗೆ’ ಎಂದು ಕೆಳಗೆ ಬರೆದಿತ್ತು.

ಈ ಕತೆ ನನಗೆ ಹೊಸದಲ್ಲ. ನಮ್ಮ ನೆಂಟರಲ್ಲಿ ಇನ್ನೊಂದು ಕತೆಯೂ ಇದೆ: ಅಕ್ಕ ಆ ಬಯಲಿಗೆ ಹೋಗಿಯೇ ಇರಲಿಲ್ಲ. ನನ್ನ ಶಾಲೆ ನಾಲ್ಕನೆಯ ತರಗತಿಗೇ ನಿಂತಿತು. ಉಳಿದದ್ದನ್ನು ಒಬ್ಬನೇ ಕುಳಿತು ಓದಿಕೊಂಡೆ. ಹಾಗಾಗಿ ಅಚ್ಚಾದದ್ದಕ್ಕಾಗಲಿ ಹಿರಿಯರು ಹೇಳಿದ್ದಕ್ಕಾಗಲಿ ಸುಮ್ಮನೆ ತಲೆಯಾಡಿಸುವ ಅಭ್ಯಾಸ ನನಗೆ ಬರಲಿಲ್ಲ. ಅಲ್ಲದೆ, ಅಂದು ಅಕ್ಕನ ಜೊತೆಗೆ ಹೋದವನು ನಾನೇ.

ಕೊರಳ ಲಿಂಗ ಕಳಚಿ ಬಿದ್ದರೆ, ಅದು ಸಿಗುವ ತನಕ ನಮ್ಮವರು ನೀರನ್ನೂ ಮುಟ್ಟುವುದಿಲ್ಲ. ಅಂದು ನೂಕುನುಗ್ಗಲಿನಲ್ಲಿ ಅಕ್ಕನ ಶಿವದಾರ ಹರಿದು ಲಿಂಗ ಕೆಳಗೆ ಬಿತ್ತು. ಅವಳು ಅಳುತ್ತ ನೆಲ ತಡಕಾಡತೊಡಗಿದಳು. ಮನಸ್ಸು ಕರಗಿ ಅಳುತ್ತಿದ್ದಾಳೆಂದು ಸುತ್ತಲಿನವರು ಪ್ರಾರ್ಥನೆ ಮೊದಲುಮಾಡಿದರು. ಬೋಧಕರೂ ಹಾಗೆಯೇ ತಿಳಿದು ವೇದಿಕೆಯಿಂದ ಇಳಿದು ಬಂದರು. ನಾನು ವಿಷಯ ಹೇಳಿದೆ. ಅವರು ಎಲ್ಲರಿಗೂ ನಿಂತಲ್ಲೇ ನಿಲ್ಲಲು ಹೇಳಿ, ತಾವೂ ಮಣ್ಣಿನಲ್ಲಿ ಮಂಡಿಯೂರಿ ಹುಡುಕಿದರು. ಲಿಂಗ ಕಂಡದ್ದು ಅವರಿಗೇ. ಆದರೆ ಎತ್ತಲಿಲ್ಲ, ಯಾರ ಕಾಲೂ ತಾಗದಂತೆ ಎರಡು ಕೈಗಳನ್ನು ಅಡ್ಡ ಹಿಡಿದು, “ನೀವೇ ತಗೊಳ್ಳಿ ತಾಯಿ, ನಾನು ಮುಟ್ಟೋದು ಸರಿಯಲ್ಲ” ಎಂದರು.

ಪಾದ್ರಿಗಳು ಫೋಟೊದ ಕೆಳಗಿನ ಸಾಲು ಓದಿದ್ದನ್ನು ಅಕ್ಕ ಗೋಡೆಗೊರಗಿ ಕೇಳಿಸಿಕೊಂಡಳು.

“ನಾಳೆ ನಾನ್ ಸತ್ರೆ ಕೈಗೆ ಲಿಂಗ ಕೊಟ್ಟು ಮಣ್ಣು ಮಾಡೋರು ಇದನ್ನ ಓದಿ, ಇವ್ಳು ನಮ್ಮೋಳಲ್ಲ ಅಂದ್ಬಿಟ್ರೆ? ಯಾವ ಮಣ್ಣಿಗೆ ಹೋಗ್ಲಿ ನಾನು?”

“ಅಜ್ಜಿ, ಈ ಕತೆಯಿಂದ ಎಷ್ಟೋ ಜನಕ್ಕೆ ಸಮಾಧಾನ ಸಿಕ್ಕಿದೆ” ಎಂದರು ಪಾದ್ರಿಗಳು.

“ಅವ್ರ ಸಮಾಧಾನಕ್ಕೆ ನನ್ ಕೊರಳೇ ಬೇಕಿತ್ತಾ?”

ನಾನು ನಡೆದದ್ದನ್ನು ನಡೆದಂತೆ ಹೇಳಿದೆ. ಪಾದ್ರಿಗಳು ಫೋಟೊವನ್ನು ಮತ್ತೆ ನೋಡಿದರು. “ಆದ್ರೆ ಯಜಮಾನ್ರೇ, ಇದ್ರಲ್ಲಿ ಯಾರೂ ಬದಲಾಗ್ಲೇ ಇಲ್ವಲ್ಲ.”

“ಅಷ್ಟು ಜನದ ಮುಂದೆ ಅಂಥೋರು ಮಂಡಿಯೂರಿದ್ದು ಸಾಲ್ದೇನ್ರೀ ನಿಮ್ಗೆ?” ಎಂದಳು ಅಕ್ಕ.

ಪಾದ್ರಿಗಳು ಫೋಟೊದ ಕೆಳಗಿನ ಸಾಲನ್ನು ಹೊಡೆದುಹಾಕಿ ಪೆನ್ನನ್ನು ನನ್ನ ಕೈಗೆ ಕೊಟ್ಟರು. ನಾನು ಲಿಂಗ ಕಳೆದದ್ದನ್ನೂ ಸಿಕ್ಕಿದ್ದನ್ನೂ ಬರೆದೆ. ಅಕ್ಕ ಅಲ್ಲಿಗೆ ಏಕೆ ಹೋಗಿದ್ದಳೆಂಬುದನ್ನು, ನೆಂಟರನ್ನು ನೆನೆದು, ಬಿಟ್ಟೆ. ಗಟ್ಟಿಯಾಗಿ ಓದಿ ಮುಗಿಸುವಷ್ಟರಲ್ಲಿ ಅವಳು ತಡೆದಳು.

“ಲೇ, ನೀನೂ ಮುಚ್ಚಿಡ್ತೀಯೇನೋ? ಅವ್ರ ಮಾತು ಕೇಳೋಕೇ ಹೋಗಿದ್ದೆ ಅಂತಾನೂ ಬರಿ ಕಣೋ.”

“ನೆಂಟ್ರು ಓದ್ತಾರೆ ಅಕ್ಕ.”

“ಓದ್ಲಿ.”

ಬರೆದೆ. ಅವಳು ಕನ್ನಡಕ ತರಿಸಿಕೊಂಡು, ಒಂದೊಂದೇ ಅಕ್ಷರ ಕೂಡಿಸಿ ಪೂರ್ತಿ ಓದಿ, ಕೆಳಗೆ ತಾನೇ ಸಹಿ ಹಾಕಿದಳು.